ತಮ್ಮನ ಖಾತೆಯಲ್ಲಿದ್ದ ಫೋನು

ಲೊರೇನ್ ನೀಮಿ ತನ್ನ ಕೆಲಸ ಎಲ್ಲಿ ಎಂದು ಊರಿನಲ್ಲಿ ಯಾರಿಗೂ ಹೇಳುವ ಹಾಗಿರಲಿಲ್ಲ. ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಆ ಊರಿನಲ್ಲಿ, ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೆಂದು ಬೋರ್ಡಿಲ್ಲದ ಒಂದು ಮನೆಯಿತ್ತು. ವಿಳಾಸ ಗುಟ್ಟು. ಅಲ್ಲಿ ಅವಳ ಪಾಲಿಗೆ ಬಂದದ್ದು ಫೋನುಗಳ ಕೆಲಸ. ಮೊದಲು ಒಂದು ಫೋನ್ ಕಂಪನಿಯಲ್ಲಿ ದಿನವಿಡೀ ಜನರ ಬೈಗುಳ ಕೇಳಿಸಿಕೊಂಡು ಅವಳ ದನಿ ಬಸ್ಸಿನ ವೇಳೆ ಓದಿ ಹೇಳುವವರ ದನಿಯಂತಾಗಿತ್ತು. ಆ ದನಿಯೇ ಇಲ್ಲಿ ಉಪಯೋಗಕ್ಕೆ ಬಂತು.

ಬಂದವರಲ್ಲಿ ಹೆಚ್ಚಿನವರ ಫೋನು, ಮನೆಯವರಿಗೆಲ್ಲ ಒಂದೇ ಬಿಲ್ಲು ಬರುವ ಗಂಡನ ಖಾತೆಯಲ್ಲಿರುತ್ತಿತ್ತು. ಯಾರಿಗೆ ಮಾಡಿದಳು, ಎಷ್ಟು ಹೊತ್ತು ಮಾತಾಡಿದಳು, ಈಗ ಎಲ್ಲಿದ್ದಾಳೆ, ಎಲ್ಲವೂ ಅವನ ಕಣ್ಣಿಗೆ ಬೀಳುತ್ತಿತ್ತು.

"ಅವನ ಒಪ್ಪಿಗೆ ಬೇಕಾಗಿಲ್ಲ," ಎಂದು ಲೊರೇನ್ ಪಕ್ಕದಲ್ಲಿ ಕೂತು ಹೇಳುವಳು. "ಕಾನೂನೇ ಇದೆ. ನಾವೊಂದು ಕಾಗದ ಬರ್ಕೊಡ್ತೀವಿ, ಎರಡು ದಿನದಲ್ಲಿ ಕಂಪನಿಯವ್ರು ನಿನ್ನ ಲೈನ್ ಅವನ ಖಾತೆಯಿಂದ ಬೇರೆ ಮಾಡ್ಬೇಕು. ನಂಬರ್ ನಿಂದೇ ಇರುತ್ತೆ."

ಕೆಲವರು ಅಳುತ್ತಿದ್ದರು. ಲೊರೇನ್ ಟಿಶ್ಯೂ ಡಬ್ಬಿಯನ್ನು ಅವರ ಕಡೆ ತಳ್ಳಿ ಮುಂದಿನ ಪ್ರಶ್ನೆ ಕೇಳುತ್ತಿದ್ದಳು.

ಫೆಬ್ರವರಿಯ ಒಂದು ಬೆಳಗ್ಗೆ ಬಾಗಿಲು ತೆರೆದರೆ ಎದುರಿಗೆ ಕಾಲೀನ್ ನಿಂತಿದ್ದಳು. ಲೊರೇನಳ ತಮ್ಮ ವೇಯ್ನನ ಹೆಂಡತಿ. ಒಂದು ಕೈಯನ್ನು ಕೋಟಿನೊಳಗೇ ಇಟ್ಟುಕೊಂಡಿದ್ದಳು.

"ಇಲ್ಲಿಗೆ ನೀನು ಹೇಗೆ ಬಂದೆ?" ಎಂದಳು ಲೊರೇನ್.

"ಒಳಗೆ ಕರೀತೀಯೋ, ಹಿಮದಲ್ಲೇ ನಿಲ್ಲಿಸಿ ವಿಚಾರಿಸ್ತೀಯೋ?"

ವೇಯ್ನ್ ಎಂದರೆ ಊರಿಗೆಲ್ಲ ಅಚ್ಚುಮೆಚ್ಚು. ಚಳಿಗಾಲದಲ್ಲಿ ತನ್ನ ಟ್ರಕ್ಕಿನಿಂದ ಮುದುಕಿಯರ ಮನೆಮುಂದಿನ ಹಿಮ ತೆಗೆದು, ಕಾಸು ಕೊಡಲು ಬಂದರೆ ಬೈದು ಕಳಿಸುವವನು. ಅವನು ಕೈ ಎತ್ತುತ್ತಾನೆಂದು ಲೊರೇನ್ ಕನಸಿನಲ್ಲೂ ಎಣಿಸಿರಲಿಲ್ಲ. ಕಾಲೀನ್ ಕೋಟು ಬಿಚ್ಚಿ ಊದಿ ಸೊಟ್ಟಗಾಗಿದ್ದ ಕೈ ತೋರಿಸಿದಾಗ ಎಣಿಸಲು ಏನೂ ಉಳಿಯಲಿಲ್ಲ.

"ನೀನು ನಮ್ಮನೆಯವಳು, ನಿನ್ನ ಕೇಸು ನಾನು ನೋಡೋ ಹಾಗಿಲ್ಲ, ಬರ್ನಡೆಟ್‌ನ ಕರೀತೀನಿ," ಎಂದಳು ಲೊರೇನ್. ಬರ್ನಡೆಟ್ ಆ ಮನೆಯ ಮೇಲ್ವಿಚಾರಕಿ. "ನಿನ್ನ ಫೋನ್ ಎಲ್ಲಿ?"

"ಹಲ್ಲಿನ ಕ್ಲಿನಿಕ್‌ನಲ್ಲಿ, ನನ್ನ ಡ್ರಾಯರ್ ಒಳಗೆ. ಕೆಲಸಕ್ಕೆ ಹೋಗಿದೀನಿ ಅಂದ್ಕೊಂಡಿರ್ತಾನೆ." ಕಾಲೀನ್ ಮೇಜಿನ ಮೇಲೆ ಕಣ್ಣು ನೆಟ್ಟಳು. "ನಿನ್ನದು ಇಲ್ಲೇ ಇದೆಯಲ್ಲ."

"ನಂದು ಯಾಕೆ?"

"ಲೊರೇನ್, ನಿನ್ನ ಫೋನ್ ಯಾರ ಖಾತೆಯಲ್ಲಿದೆ?"

ಗಂಡ ರೇ ತೀರಿಕೊಂಡ ವರ್ಷ ವೇಯ್ನ್ ಬಂದು ಅವಳನ್ನು ತನ್ನ ಖಾತೆಗೆ ಸೇರಿಸಿಕೊಂಡಿದ್ದ. ಒಬ್ಬಳೇ ಇದೀಯ, ಎಲ್ಲಾದ್ರೂ ಬಿದ್ದುಗಿದ್ದರೆ ನಂಗೆ ಗೊತ್ತಾಗ್ಬೇಕಲ್ಲ ಎಂದು, ಅವಳೆಲ್ಲಿದ್ದಾಳೆಂದು ನಕ್ಷೆಯಲ್ಲಿ ಕಾಣುವಂತೆಯೂ ಮಾಡಿಕೊಂಡಿದ್ದ. ಅಷ್ಟು ಹೆಂಗಸರಿಗೆ ಬಿಡಿಸಿ ಹೇಳಿದವಳು ಅದನ್ನು ಮರೆತೇಬಿಟ್ಟಿದ್ದಳು.

"ಊಟಕ್ಕೆ ಕೂತಾಗ ತೋರಿಸ್ತಿದ್ದ," ಎಂದಳು ಕಾಲೀನ್. "'ನೋಡು, ಓಡಿಹೋದ ಹೆಂಗಸರ ಮನೆ ಇದೇ, ಅಕ್ಕ ದಿನಾ ಇಲ್ಲೇ ಇರ್ತಾಳೆ' ಅಂತ. ವಿಳಾಸ ನನಗೂ ಹಾಗೇ ಗೊತ್ತಾಗಿದ್ದು. ಇಷ್ಟು ವರ್ಷ ಇಲ್ಲಿಗೆ ಬರದೇ ಇದ್ದಿದ್ದೂ ಅದಕ್ಕೇ. ಇವತ್ತು ಬೇರೆ ದಾರಿ ಇರಲಿಲ್ಲ."

ಲೊರೇನಳಿಗೆ ಏನೂ ಅನಿಸಲಿಲ್ಲ. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಫೋನಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಈಗ ಆಫ್ ಮಾಡಿದರೆ ನಕ್ಷೆಯಿಂದ ಮಾಯವಾಗಿ ಅವನಿಗೆ ಅನುಮಾನ ಬರುತ್ತದೆ.

ಬರ್ನಡೆಟ್ ಎಲ್ಲ ಕೇಳಿದಳು. ಬೈಯಲಿಲ್ಲ. ಒಳಗಿದ್ದ ಹೆಂಗಸರನ್ನೂ ಕಾಲೀನಳನ್ನೂ ಹಿಂಬಾಗಿಲಿನಿಂದ ಎರಡು ವ್ಯಾನುಗಳಲ್ಲಿ ದೂರದ ಊರುಗಳಿಗೆ ಸಾಗಿಸಿದಳು. ಲೊರೇನಳಿಗೆ ಹೇಳಿದ್ದು ಒಂದೇ ಮಾತು: "ನೀನು ದಿನಾ ಹೇಗಿರ್ತೀಯೋ ಹಾಗೇ ಇರು."

ಅವಳು ಹಾಗೆಯೇ ಇದ್ದಳು. ಖಾಲಿ ಮನೆಯಲ್ಲಿ ಕೂತು ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಎಂಬ ಕಡುಬನ್ನು ಬಿಸಿ ಮಾಡಿಕೊಂಡು ತಿಂದಳು. ರುಚಿ ಹತ್ತಲಿಲ್ಲ. ಸಂಜೆ ಎಂದಿನ ದಾರಿಯಲ್ಲೇ ಮನೆಗೆ ಹೋದಳು. ಆ ರಾತ್ರಿ ವೇಯ್ನ್ ಫೋನ್ ಮಾಡಿ ಕಾಲೀನ್ ಮನೆಗೆ ಬಂದಿಲ್ಲ ಎಂದಾಗ, "ನನಗೆ ಗೊತ್ತಿಲ್ಲ," ಎಂದಳು. ಅದೇ ಬಸ್ಸಿನ ವೇಳೆ ಓದುವ ದನಿ.

ಎರಡು ದಿನದಲ್ಲಿ ಕಂಪನಿ ಕಾಲೀನಳ ಲೈನನ್ನು ಬೇರೆ ಮಾಡಿತು. ಖಾತೆಯಿಂದ ಒಂದು ನಂಬರ್ ಹೋಗಿದೆ ಎಂದು ವೇಯ್ನನಿಗೆ ತಿಳಿಸಿತು. ಮರುದಿನ ಬೆಳಗ್ಗೆ ಅವನ ಟ್ರಕ್ಕು ಲೊರೇನಳ ಮನೆಮುಂದೆ ಬಂತು. ಮೊದಲು ಹಿಮ ತೆಗೆದ, ಅಂಚುಗಳನ್ನೆಲ್ಲ ಚೊಕ್ಕ ಮಾಡಿದ. ಆಮೇಲೆ ಒಳಗೆ ಬಂದು ಬೂಟು ಬಿಚ್ಚಿ ಕಾಫಿಗೆ ಕೂತ.

"ಅಕ್ಕಾ, ಅವಳ ಲೈನ್ ಹೋಯ್ತು. ನಿಂಗೆ ಇದೆಲ್ಲ ಗೊತ್ತಲ್ಲ, ವಾಪಸ್ ತರೋದು ಹೇಗೆ ಹೇಳು."

"ತರಕ್ಕಾಗಲ್ಲ."

"ನಿನ್ನ ಕೈಯಲ್ಲೂ ಆಗಲ್ವಾ?"

"ನನ್ನ ಕೈಯಲ್ಲಾದ್ರೂ ತರಲ್ಲ."

ಅವನು ನಕ್ಕ. "ಅವತ್ತು ಇಡೀ ದಿನ ನೀನು ಅಲ್ಲೇ ಇದ್ದೆ. ನಾನು ಫೋನಲ್ಲಿ ನೋಡ್ತಾನೇ ಇದ್ದೆ. ಅವಳೂ ಅಲ್ಲೇ ಇದ್ಲು, ಅಲ್ವಾ?"

"ಕಾಫಿ ಇನ್ನೂ ಸ್ವಲ್ಪ ಹಾಕ್ಲಾ?"

ಅವನು ಅವಳ ಮಣಿಕಟ್ಟು ಹಿಡಿದ. ಜೋರಾಗೇನಲ್ಲ, ಬಿಡಲಿಲ್ಲ, ಅಷ್ಟೆ. ಗೆಣ್ಣು ದಪ್ಪವಾಗಿದ್ದ ಆ ಬೆರಳುಗಳು ಥೇಟ್ ಅವರಮ್ಮನವು. ಲೊರೇನ್ ಬೇರೆ ಯಾರದೋ ಕೈಯನ್ನು ನೋಡುವವಳಂತೆ ನೋಡುತ್ತ ಕೂತಳು. ಕಡೆಗೆ ಅವನೇ ಬಿಟ್ಟ.

"ನೀನು ನನ್ನ ಅಕ್ಕ ಕಣೇ," ಎಂದ.

"ಹೌದು. ನನ್ನ ಫೋನೂ ಇವತ್ತು ಬೇರೆ ಮಾಡಿಸ್ತೀನಿ. ಬೂಟು ಹಾಕ್ಕೊ, ವೇಯ್ನ್."

ಅವನು ಬಾಗಿಲು ಹಾಕದೆ ಹೋದ. ಆ ಚಳಿಗಾಲದಲ್ಲಿ ಮತ್ತೆ ಅವಳ ಮನೆಮುಂದಿನ ಹಿಮ ತೆಗೆಯಲು ಬರಲಿಲ್ಲ. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ, ಅವಳು ಹತ್ತಿರ ಬಂದರೆ ಹೆಂಗಸರು ವೇಯ್ನನ ಮಾತು ನಿಲ್ಲಿಸಿ ಹವಾಮಾನದ ಮಾತೆತ್ತುತ್ತಿದ್ದರು.

ಲೊರೇನ್ ಅಂಗಡಿಗೆ ಹೋಗಿ ತನ್ನ ಹೆಸರಿಗೆ ಹೊಸ ನಂಬರ್ ಮಾಡಿಸಿದಳು. ಗುಟ್ಟಿನ ಮನೆಯನ್ನು ಮುಚ್ಚಿ ಬೇರೆ ಕಡೆ ತೆರೆದರು. ಅವಳು ರಾಜೀನಾಮೆ ಕೊಡಲು ಹೋದಾಗ ಬರ್ನಡೆಟ್ ತೆಗೆದುಕೊಳ್ಳಲಿಲ್ಲ. ಆದರೆ ಹೊಸ ವಿಳಾಸವನ್ನೂ ಹೇಳಲಿಲ್ಲ. ಗ್ರಂಥಾಲಯದ ಹಿಂದಿನ ಒಂದು ಕೋಣೆಯಲ್ಲಿ ಅವಳನ್ನು ಕೂರಿಸಿ, ಹೆಂಗಸರನ್ನು ಅಲ್ಲಿಗೇ ಕಳಿಸತೊಡಗಿದಳು. ಸರಿಯಾಗೇ ಮಾಡಿದಳು ಎಂದುಕೊಂಡಳು ಲೊರೇನ್. ಕೆಲಸ ಹಿಂದಿನಂತೆಯೇ ನಡೆಯಿತು.

ಮೇ ತಿಂಗಳಲ್ಲಿ ಕಾಲೀನ್ ಫೋನ್ ಮಾಡಿದಳು. ಮುರಿದ ಕೈ ಕೂಡಿಕೊಂಡಿದೆಯಂತೆ, ಒಂದು ಬೇಕರಿಯಲ್ಲಿ ಕೆಲಸವಂತೆ.

"ಅವನ ಫೋನ್ ಬರದೇ ಎಷ್ಟೋ ದಿನ ಆಯ್ತು," ಎಂದಳು. "ಖುಷಿ ಆಗ್ಬೇಕಿತ್ತು. ಏನೂ ಆಗ್ತಿಲ್ಲ ಲೊರೇನ್. ನಿನಗೆ?"

"ನನಗೂ ಇಲ್ಲ."

"ಇಡ್ಲಾ ಹಾಗಾದ್ರೆ?"

"ಇರು ಸ್ವಲ್ಪ," ಎಂದಳು ಲೊರೇನ್.

ಆ ಕಡೆ ಬೇಕರಿಯ ತಟ್ಟೆಗಳ ಸದ್ದು ಕೇಳುತ್ತಿತ್ತು. ಇಬ್ಬರೂ ಫೋನ್ ಇಡಲಿಲ್ಲ.