ಮೊಟ್ಟೆಯಿಲ್ಲದ ಗೋಡೆ

ಶಂಕರಪುರಂನ ಆ ಬಂಗಲೆಗೆ ಇದ್ದದ್ದು ಮೂರೇ ಮೆಟ್ಟಿಲು. ಪಂಚಾಕ್ಷರಯ್ಯ ಮೂರನ್ನೂ ನಿಂತು ನಿಂತು ಹತ್ತಿದ. ಎಪ್ಪತ್ತೈದು ದಾಟಿದ ಗಾರೆ ಕೆಲಸದವನ ಮಂಡಿಗೆ ಅದೂ ಬೆಟ್ಟವೇ. ಸುಣ್ಣ ಅರೆದು ಗಾರೆ ಮಾಡುವವರು ಬೇರೆ ಯಾರೂ ಸಿಗಲಿಲ್ಲವೆಂದು ಅವನನ್ನು ಹುಡುಕಿ ಕರೆಸಿದ್ದರು.

ಯಾವನೋ ಇಂಗ್ಲಿಷ್ ದೊರೆ ತನ್ನ ಸೀಮೆಯ ಹಳ್ಳಿಮನೆಯನ್ನು ನೆನೆದು ಕಟ್ಟಿಸಿದ ಬಂಗಲೆ ಅದು. ಬೆಂಗಳೂರಿಗೆ ಬೇಡದ ಬೆಂಕಿಗೂಡೂ ಒಳಗಿತ್ತು. ದೊರೆ ಹೋದ ಮೇಲೆ ಕಾಟನ್‌ಪೇಟೆಯ ಸಾಹುಕಾರರದಾಯಿತು, ಆಮೇಲೆ ಲಗ್ನಪತ್ರಿಕೆ ಕಾಗದದ ಗೋಡೌನಾಯಿತು. ಈಗ ಸಾಹುಕಾರರ ಮೊಮ್ಮಗ ಗೌರೀಶ್ ಅದನ್ನು ಹೋಟೆಲು ಮಾಡುತ್ತಿದ್ದ.

ಹಾಲ್‌ನಲ್ಲಿ ಒಂದು ಗೋಡೆ ಮಾತ್ರ ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕ ಹೊಸ ಹಿತ್ತಾಳೆ ಬೋರ್ಡು.

"ಇಂಗ್ಲಿಷ್ ಕೆಲಸಗಾರರು ಮೊಟ್ಟೆಯ ಬಿಳಿ ಬೆರೆಸಿ ಮಾಡಿದ ಗಾರೆ ಅಂತ ಹಾಕಿದೀವಿ ತಾತ," ಎಂದಳು ಆರ್ಕಿಟೆಕ್ಟ್ ಮಾನ್ಯ. "ಉಳಿದ ಮೂರು ಗೋಡೇನೂ ಹಿಂಗೇ ಆಗ್ಬೇಕು. ಆದ್ರೆ ಲ್ಯಾಬ್‌ನವ್ರು ಮೊಟ್ಟೆ ಇಲ್ವೇ ಇಲ್ಲ ಅಂತಿದಾರೆ!"

ಪಂಚಾಕ್ಷರಯ್ಯ ಗೋಡೆ ಸವರಿದ. ತಣ್ಣಗಿತ್ತು.

"ಎಲ್ಲಿಂದ ಬರುತ್ತವ್ವಾ? ನಾವು ಲಿಂಗ ಕಟ್ಕೊಂಡೋರು, ನಮ್ಮನೇವ್ಳು ಮೊಟ್ಟೆ ಮುಟ್ತಿರ್ಲಿಲ್ಲ. ಅದರ ಬದ್ಲು ಮೊಸರು ಹಾಕಿ ಅರೆದ್ಳು. ನಾನು ಬಳಿದೆ, ಅವಳು ನುಣ್ಣನೆ ಕಲ್ಲಲ್ಲಿ ಐದು ದಿನ ಉಜ್ಜಿದ್ಳು. ನಿಮ್ಮ ಸೋದರತ್ತೆ ಮದುವೇಲಿ ಸಾಹುಕಾರ್ರು ಮನೆ ರಿಪೇರಿ ಮಾಡಿಸಿದ್ರಲ್ಲ ಸ್ವಾಮಿ, ಆಗ," ಎಂದ, ಪಕ್ಕದಲ್ಲಿದ್ದ ಗೌರೀಶ್‌ನತ್ತ ತಿರುಗಿ.

ಗೌರೀಶ್ ನಕ್ಕ. "ಇರ್ಬೋದು ತಾತ. ಆದ್ರೆ ಗೆಸ್ಟ್‌ಗಳು ಬರೋದೇ ಇಂಗ್ಲಿಷ್ ಕತೆ ಕೇಳೋಕೆ. ಬೋರ್ಡು ಇರ್ಲಿ ಬಿಡಿ."

ಜಗಳಕ್ಕೂ ತ್ರಾಣ ಬೇಕು. ಇರಲಿ ಬಿಡಿ ಎಂಬ ಮಾತು ಅವನ ನಾಲಿಗೆಯ ಮೇಲೂ ಬಂದಿತ್ತು. ಜನ್ಮವೆಲ್ಲ ಅದನ್ನೇ ಅಂದವನು. ಅವಳಿದ್ದಾಗ ಯಾರಾದರೂ ಗೋಡೆ ಹೊಗಳಿದರೆ ಆ ಹೊಗಳಿಕೆಯನ್ನೂ ತಾನೇ ಇಟ್ಟುಕೊಂಡಿದ್ದ. ಈಗ ಅವಳು ತೀರಿಕೊಂಡು ಆರು ವರ್ಷ. ಆ ನಾಚಿಕೆಗೆ ಈ ಸಲ ಆ ಮಾತನ್ನು ನುಂಗಿಕೊಂಡ. ಕರಣೆಯನ್ನು ಚೀಲಕ್ಕೆ ಹಾಕಿದ.

"ಹಂಗಾದ್ರೆ ಉಳಿದ ಮೂರು ಗೋಡೇನೂ ಆ ಇಂಗ್ಲಿಷರ ಕೈಲೇ ಮಾಡಿಸ್ಕೊಳ್ಳಿ ಸ್ವಾಮಿ."

ಮಂಡಿ ನಿಧಾನವಾಗಿದ್ದುದೇ ಒಳ್ಳೆಯದಾಯಿತು. ಅವನು ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಗೌರೀಶ್ ಗೊಣಗುತ್ತಲೇ ಬೋರ್ಡಿನ ಸ್ಕ್ರೂ ಬಿಚ್ಚುತ್ತಿದ್ದ. ಮಾನ್ಯ ಪೆನ್ನು ಹಿಡಿದು ಓಡಿಬಂದಳು.

"ತಾತ, ಹೊಸ ಬೋರ್ಡಿಗೆ ಅಜ್ಜಿ ಹೆಸರೇನು ಹಾಕ್ಲಿ?"

ಮನೆಯಲ್ಲಿ ಅವನು "ಲೇ" ಅಂದಿದ್ದ, "ಇವಳೇ" ಅಂದಿದ್ದ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಅವರ ಪೈಕಿ ಗಂಡಸಿಗೆ ಲಕ್ಷಣವಾಗಿರಲಿಲ್ಲ. ಮುದುಕ ಮೆಟ್ಟಿಲ ಮೇಲೆ ಕುಳಿತ.

"ಸಿದ್ದಮ್ಮ," ಎಂದ.

ನಲವತ್ತೆರಡು ವರ್ಷ ಜೊತೆಗೆ ಬಾಳಿದವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಓಗೊಡಲು ಅವಳಿರಲಿಲ್ಲ.