ಹೊಟ್ಟೆ ಹೆಂಗೈತೆ?

ಇವತ್ತು ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಗಿರಿಜಮ್ಮ ಕೇಳಿದರು, "ನಿನ್ನೆ ನಮ್ಮ ಮಗಳ ಸೀಮಂತದ ಊಟ ಹೆಂಗಿತ್ತು?"

"ಬೊಂಬಾಟ್ ಕಣ್ರೀ" ಎಂದವನೇ ಹೊಟ್ಟೆ ಹಿಡಿದುಕೊಂಡು ಒಳಗೆ ಓಡಿದೆ. ರಾತ್ರಿಯಿಂದ ಅದು ಎಷ್ಟನೆಯ ಓಟವೋ, ಕೇಳಬೇಡಿ. ಕರೆದು ಉಣಬಡಿಸಿದವರ ಮುಂದೆ ಹೊಟ್ಟೆ ಕೆಟ್ಟಿತು ಅನ್ನುವುದುಂಟೇ? ನಮ್ಮ ಮಧುಗಿರಿ ಕಡೆಯವರ ಸಂಕೋಚ ನಿಮಗೆ ಗೊತ್ತಿಲ್ಲ.

ಕೂತಲ್ಲೇ ಚನ್ನರಾಯನದುರ್ಗದ ದೊಡ್ಡಮ್ಮ ನೆನಪಾದರು. ಅವರ ಹೋಳಿಗೆಗೆ ಕೊರಟಗೆರೆಯವರೆಗೂ ಹೆಸರಿತ್ತು, ಅವರಿಗೂ ಕೊಂಚ ಜಂಬವಿತ್ತು. ಮೊಮ್ಮಗಳ ನಾಮಕರಣದ ಮರುದಿನ ಹೊಗಳಿಸಿಕೊಳ್ಳಲೆಂದೇ ನನ್ನನ್ನೂ ಕರೆದುಕೊಂಡು ಮನೆಮನೆಗೆ ಹೊರಟರು. ಎಲ್ಲರೂ ಹೊಗಳಿದರು. ಆದರೆ ಬಹಳಷ್ಟು ಜನ ಮಲಗಿಕೊಂಡೇ ಹೊಗಳಿದರು! ಬೀದಿಯ ಕೊನೆಮನೆಯ ಈರಜ್ಜಿಯ ಕಣ್ಣು ಗುಳಿಬಿದ್ದಿತ್ತು, ಏಳಲೂ ತ್ರಾಣವಿರಲಿಲ್ಲ. ಆದರೂ, "ಪಾಯ್ಸ ಚೆಂದಾಗಿತ್ತು ಕಣವ್ವಾ" ಎಂದಿತು.

ದೊಡ್ಡಮ್ಮ ಮನೆಗೆ ಬಂದವರೇ ಫೋನು ಕೈಗೆತ್ತಿಕೊಂಡರು. ದೊಡ್ಡಪ್ಪ ಅಡ್ಡ ಬಂದರು.

"ಸುಮ್ಕಿರೇ, ನಿನ್ನ ಅಡುಗೇನೇ ಕಾರಣ ಅಂತಾರೆ. ಹೆಸರು ಕೆಡ್ತದೆ."

"ಕೆಡ್ಲಿ ಬುಡಿ. ಈರಜ್ಜಿ ಹೋಗ್ಬುಟ್ರೆ ಆ ಹೆಸರಿಟ್ಕಂಡು ಏನ್ಮಾಡಣ?"

ಆಸ್ಪತ್ರೆಗೆ ಫೋನು ಹಚ್ಚಿಯೇ ಬಿಟ್ಟರು. "ಸಿಸ್ಟರಮ್ಮ, ನಮ್ಮನೇಲಿ ಉಂಡೋರು ಮಲಗ್ಬುಟ್ಟವ್ರೆ. ಬಿರ್ನೆ ಬನ್ನಿ."

ಆಸ್ಪತ್ರೆಯವರು ಬಂದರು. ಈರಜ್ಜಿಗೆ ಡ್ರಿಪ್ ಹಾಕಿದರು, ಸಂಜೆಗೆ ಎದ್ದು ಕೂತಿತು. ಸಿಸ್ಟರು ಮನೆಮನೆ ವಿಚಾರಿಸಿದಾಗ ನಾಮಕರಣಕ್ಕೆ ಬಾರದವರಿಗೂ ವಾಂತಿ ಭೇದಿ ಇರುವುದು ತಿಳಿಯಿತು. ನಲ್ಲಿಯ ಪೈಪು ಚರಂಡಿಯಲ್ಲಿ ಒಡೆದಿತ್ತು. ನಲ್ಲಿ ನೀರು ನಿಲ್ಲಿಸಿದರು, ಮತ್ತೆ ಯಾರೂ ಮಲಗಲಿಲ್ಲ. ಹೋಳಿಗೆಯ ಹೆಸರೂ ಉಳಿಯಿತು. ಆದರೆ ಅದು ಉಳಿಯುತ್ತದೆಂದು ಗೊತ್ತಿಲ್ಲದಾಗಲೇ ಫೋನು ಮಾಡಿದರಲ್ಲ, ಅದಕ್ಕೇ ನನಗೆ ದೊಡ್ಡಮ್ಮನೆಂದರೆ ಪ್ರಾಣ.

ಆಮೇಲೆ ಅವರು ಯಾರನ್ನೂ ಊಟ ಹೇಗಿತ್ತೆಂದು ಕೇಳಲಿಲ್ಲ. "ಹೊಟ್ಟೆ ಹೆಂಗೈತೆ? ದಿಟ ಹೇಳು" ಎನ್ನುತ್ತಿದ್ದರು. ಬೀಗರನ್ನೂ ಹಾಗೇ ಕೇಳಿ ನಮ್ಮ ಮಾನ ಕಳೆದದ್ದುಂಟು.

ಎದ್ದು ಮತ್ತೆ ಕಾಂಪೌಂಡಿಗೆ ಬಂದೆ. ಗಿರಿಜಮ್ಮ ಅಲ್ಲೇ ಇದ್ದರು.

"ಆಗ ಸುಳ್ಳು ಹೇಳ್ದೆ ಕಣ್ರೀ. ರಾತ್ರಿಯಿಂದ ಭೇದಿ. ನಿಮ್ಮ ಹೊಟ್ಟೆ ಹೆಂಗೈತೆ?"

ಅವರ ಕಣ್ಣು ತುಂಬಿತು. "ನಮ್ಮನೇಲೂ ಎಲ್ರೂ ಮಲಗವ್ರೆ. ಬಸುರಿ ಮಗಳೂನೂವೆ. ಅದಕ್ಕೇ ಬೆಳಿಗ್ಗೆಯಿಂದ ಬೀದಿಯೋರನ್ನೆಲ್ಲ ಊಟ ಹೆಂಗಿತ್ತು ಅಂತ ಕೇಳ್ತಿದೀನಿ. ಎಲ್ರೂ ಬೊಂಬಾಟ್ ಅಂತಾರೆ!"

ನಾನು ಆಸ್ಪತ್ರೆಗೆ ಫೋನು ಹಚ್ಚಿದೆ.