ಅಮ್ಮನ ಹೆಸರು ಕೇಳುವ ಲೂಪೆ

ಎದುರುಮನೆಯ ಲೂಪೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ, ಮೆಕ್ಸಿಕೊ ಮೂಲದ ಹೆಂಗಸು. ಮಂಡಿ ನನ್ನದಕ್ಕಿಂತ ಕೆಟ್ಟಿದೆ. ಆದರೂ ಶನಿವಾರ ಬಂತೆಂದರೆ ಮಡಚುವ ಕುರ್ಚಿಯೊಂದನ್ನು ಬಗಲಿಗೆ ಸಿಕ್ಕಿಸಿಕೊಂಡು ಹ್ಯೂಸ್ಟನ್ ಪಕ್ಕದ ನಮ್ಮ ಮಿಸೌರಿ ಸಿಟಿಯಲ್ಲಿರುವ ತನ್ನ ಜನರ ಮನೆಮನೆಗೆ ಹೊರಡುತ್ತಾಳೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಅರವತ್ತೈದಾಗಿದ್ದರೆ ಇನ್ನೊಂದು ಅರ್ಜಿ ಹಾಕಿ, ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ಹ್ಯೂಸ್ಟನ್ನಿನ ಬಿಸಿಲಲ್ಲಿ ಸಾಲು ನಿಲ್ಲಬೇಡಿ. ಅವಳು ಹೇಳುವುದು ಇಷ್ಟೇ.

ನಾನೂ ಕನ್ನಡ ಕೂಟದ ಪರವಾಗಿ ಅದೇ ಕೆಲಸಕ್ಕೆ ಇಳಿದವಳು. ನಮ್ಮವರ ಬಾಗಿಲು ತೆರೆಯುವುದೇ ಇಲ್ಲ. ಕರೆಗಂಟೆಯ ಕ್ಯಾಮೆರಾದೊಳಗಿಂದ "ಆಂಟಿ, ಮೀಟಿಂಗ್‌ನಲ್ಲಿದೀನಿ, ವಾಟ್ಸಾಪ್ ಮಾಡ್ಬಿಡಿ" ಎಂಬ ದನಿ ಬರುತ್ತದೆ. ಲೂಪೆಗೆ ಬಾಗಿಲೂ ತೆರೆಯುತ್ತದೆ, ಎಲೆಯಲ್ಲಿ ಸುತ್ತಿದ ಬಿಸಿ ಬಿಸಿ ಮೆಕ್ಕೆಜೋಳದ ಕಡುಬೂ ಸಿಗುತ್ತದೆ.

ಊರಿನವರ ಮಾತು ಹಾಗಿರಲಿ, ಮನೆಯಲ್ಲೇ ನನ್ನ ಮಾನ ಹೋಗುತ್ತಿತ್ತು. ಎಪ್ಪತ್ತು ದಾಟಿದ ನಮ್ಮ ಯಜಮಾನರು, ಚಂದ್ರಮೋಹನ, ಇಲ್ಲಿನ ಪೌರರಾಗಿ ಎಷ್ಟೋ ವರ್ಷವಾದರೂ ಹೆಸರು ನೋಂದಾಯಿಸಿರಲಿಲ್ಲ. ಗಂಡನನ್ನೇ ಒಪ್ಪಿಸಲಾಗದವಳು ಊರಿಗೆ ಬುದ್ಧಿ ಹೇಳುತ್ತಾಳೆ ಎಂದು ಕೂಟದಲ್ಲಿ ನಗುತ್ತಿದ್ದರು. ಈ ಸಲ ಸಹಿ ಹಾಕಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ಬೇಡಿದೆ, ಬೈದೆ, ಎರಡನೆಯ ಕಾಫಿ ನಿಲ್ಲಿಸಿದೆ.

"ನಮ್ಮದೊಂದ್ ಓಟಿನಿಂದ ಏನ್ ಆಗತೈತಿ? ಸುಮ್ನ ಕುಂದ್ರ ನೀ," ಎನ್ನುತ್ತಿದ್ದರು. ಧಾರವಾಡ ಕಡೆಯ ಜನ, ಜಗ್ಗುವುದಿಲ್ಲ.

ಒಂದು ಶನಿವಾರ ಲೂಪೆ ಸುಸ್ತಾಗಿ ಬಂದು ನಮ್ಮ ಮನೆಯ ನೆರಳಿನಲ್ಲಿ ಕುರ್ಚಿ ಬಿಡಿಸಿ ಕೂತು ನೀರು ಕೇಳಿದಳು. ನಾನು ತರುವಷ್ಟರಲ್ಲಿ ಇವರು ಅವಳೆದುರು ಮೆಟ್ಟಿಲ ಮೇಲೆ ಕೂತಿದ್ದರು. "ಡಾನ್ ಚಂದ್ರ" ಎಂದು ಕರೆಯುತ್ತಿದ್ದಾಳೆ! ಅವರಲ್ಲಿ ಡಾನ್ ಎಂದರೆ ಹಿರಿಯರಿಗೆ ಕೊಡುವ ಮರ್ಯಾದೆಯಂತೆ. ಇವರು ಮಾತ್ರ ಭೂಗತ ದೊರೆಯ ಹಾಗೆ ಎದೆಯುಬ್ಬಿಸಿದ್ದರು.

"ನಿಮ್ಮ ಅಮ್ಮನ ಹೆಸರೇನು?" ಎಂದು ಕೇಳಿದಳು.

ಅದು ಅವಳ ರೂಢಿ. ಅವಳ ಜನರ ಹೆಸರಿನಲ್ಲಿ ಅಪ್ಪನ ಮನೆತನದ ಜೊತೆಗೆ ಅಮ್ಮನ ಮನೆತನವೂ ಇರುತ್ತದೆ. ಅರ್ಜಿಯಲ್ಲಿ ಅದು ಅದಲುಬದಲಾಗದಿರಲೆಂದು ಎಲ್ಲರನ್ನೂ ಮೊದಲು ಇದನ್ನೇ ಕೇಳುತ್ತಾಳೆ. ನಮ್ಮವರ ಹೆಸರಿನಲ್ಲಿ ಅಪ್ಪನಿದ್ದಾನೆ, ಮನೆತನವಿದೆ, ಅಮ್ಮ ಎಲ್ಲೂ ಇಲ್ಲ.

ಇವರು "ಕಮಲವ್ವ" ಎಂದರು. ಆಮೇಲೆ ಮಾತು ನಿಲ್ಲಲಿಲ್ಲ. ಪ್ರತಿ ಚುನಾವಣೆಗೂ ಅವ್ವ ಇಳಕಲ್ ಸೀರೆಯುಟ್ಟು ನಡೆದೇ ಹೋಗಿ ಓಟು ಹಾಕುತ್ತಿದ್ದದ್ದು, ಬೆರಳಿನ ಶಾಯಿಯನ್ನು ಓಣಿಗೆಲ್ಲ ತೋರಿಸಿಕೊಂಡು ಬರುತ್ತಿದ್ದದ್ದು. ನನಗೆ ಒಂದು ದಿನವೂ ಹೇಳದ ಕತೆ! ನೀರಿನ ಲೋಟ ಹಿಡಿದು ನಿಂತವಳನ್ನು ಇಬ್ಬರೂ ನೋಡಲಿಲ್ಲ. ಲೂಪೆ ಎರಡೂ ಅರ್ಜಿ ಮುಂದಿಟ್ಟಳು, ಇವರು ಸಹಿ ಹಾಕಿದರು. ತಂದ ನೀರನ್ನು ನಾನೇ ಕುಡಿದೆ.

ಅಕ್ಟೋಬರಿನಲ್ಲಿ ಮತಪತ್ರ ಬಂತು. ಊಟದ ಮೇಜಿನ ಮೇಲೆ ಗುರುತು ಹಾಕಿ, ಲಕೋಟೆ ಅಂಟಿಸಿ, ಸಹಿ ಮಾಡಿ, ಅಂಚೆಯವನ ಕೈಗೇ ಕೊಟ್ಟು ಬಂದರು. ಬಂದವರು ಎಡಗೈ ಬೆರಳು ನೋಡಿಕೊಳ್ಳುತ್ತಾ ಸಪ್ಪಗೆ ಕೂತರು.

"ಶಾಯಿನ ಇಲ್ಲಲ್ಲ, ನಿರುಪಮಾ. ಓಟ್ ಹಾಕಿದಂಗ ಅನಿಸವಲ್ದು."

ಇದಕ್ಕಾದರೂ ನಾನು ಬೇಕಾದೆನಲ್ಲ ಎಂದು ಹಿಗ್ಗಿಹೋದೆ. ಕಾಡಿಗೆ ಡಬ್ಬಿ ತಂದು, ಅವರ ಬೆರಳು ಹಿಡಿದು, ಉಗುರಿನಿಂದ ಕೆಳಕ್ಕೆ ಗೆರೆ ಎಳೆದೆ.

"ಕೈ ಅಲ್ಲಾಡಿಸ್ಬೇಡಿ ರೀ."

ಅವರ ಕಣ್ಣು ತುಂಬಿತ್ತು. ಈ ಗಳಿಗೆ ನನ್ನದು, ಇದರಲ್ಲಿ ಯಾರಿಗೂ ಪಾಲಿಲ್ಲ ಎಂದುಕೊಂಡೆ.

ಅವರು ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ಹೊರಟ್ರಿ?"

"ಲೂಪೆಗೆ ತೋರ್ಸಿ ಬರ್ತೇನಿ," ಎಂದವರೇ ಬೆರಳು ಎತ್ತಿ ಹಿಡಿದು ರಸ್ತೆ ದಾಟಿದರು. ನಾನು ಕಾಡಿಗೆ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.